ಉದುರಿದ್ದನ್ನು ನೋಡಿ ಹುಲ್ಲಿನ ಹೆಸರು ಹೇಳುವುದು: ಎರಾಗ್ರಾಸ್ಟಿಸ್ ಜೊತೆ ನನ್ನ ಅನುಭವ

ಒಣಗಿದ ತೆನೆ ಹಿಡಿದುಕೊಂಡು ಎರಾಗ್ರಾಸ್ಟಿಸ್ ಎಂಬ ಹುಲ್ಲಿನ ಕುಲದ ಯಾವ ಪ್ರಭೇದ ಎಂದು ಹೇಳಲು ಬರುವುದಿಲ್ಲ, ಹಸಿ ಹೂವು ಬೇಕೇ ಬೇಕು ಎಂದು ನನ್ನ ಜೊತೆ ಹುಲ್ಲು ನೋಡುವವರು ಮೂರು ವರ್ಷ ಹೇಳುತ್ತಲೇ ಬಂದರು. ಹೋದ ಜನವರಿಯಲ್ಲಿ ಅವರೇ ಹೆಸರು ಬರೆಯದ 12 ಲಕೋಟೆ ತಂದುಕೊಟ್ಟರು. ಹೂವಿಲ್ಲ, ಎಲೆಯಿಲ್ಲ, ಬರೀ ಒಣ ತೆನೆ. ಉದುರಿದ್ದನ್ನು ನೋಡಿಯೇ ಹೆಸರು ಹೇಳಿದೆ, 11 ಸರಿ ಬಂತು. ಹನ್ನೆರಡನೆಯದು ಯಾಕೆ ಕೈಕೊಟ್ಟಿತೆಂಬುದು ಮುಂದೆ ಇದೆ. ಈಗ ಅವರೂ ಹೀಗೇ ನೋಡಲು ಶುರುಮಾಡಿದ್ದಾರೆ, ಅದಕ್ಕೆ ಬರೆದಿಡುತ್ತಿದ್ದೇನೆ.

ನನ್ನ ಕೆಲಸ ಮುಖ್ಯವಾಗಿ ಎರಾಗ್ರಾಸ್ಟಿಸ್ ಯುನಿಯೊಲಾಯ್ಡಿಸ್ ಮೇಲೆ. ಶಿರಸಿ, ಸಿದ್ದಾಪುರ ಕಡೆಯ ಗದ್ದೆ ಅಂಚು, ತೋಟದ ಕಾಲುವೆ ಬದಿ, ಬೇಣದಲ್ಲಿ (ಹುಲ್ಲುಗಾವಲಿನಲ್ಲಿ) ನೀರು ಜಿನುಗುವ ತಗ್ಗು, ಎಲ್ಲಿ ನೋಡಿದರೂ ಇದೆ. ಗೇಣಿನಿಂದ ಮೊಳದವರೆಗಿನ ಎತ್ತರ, ಚಪ್ಪಟೆ ಸ್ಪೈಕ್‌ಲೆಟ್ (ತೆನೆಯ ಕವಲಿನಲ್ಲಿರುವ ಪುಟ್ಟ ಹೂಗೊಂಚಲು), ನಸುಗೆಂಪು ಇಲ್ಲವೇ ನೇರಳೆ ಬಣ್ಣ. ಚೆನ್ನಾಗಿ ಬೆಳೆದ ತೆನೆ ಕೈಯಲ್ಲಿದ್ದರೆ ಯಾರಾದರೂ ಹೇಳುತ್ತಾರೆ. ತೊಂದರೆ ಬರುವುದು ಬಡಕಲು ಗಿಡದಲ್ಲಿ, ನೆರಳಿನ ಗಿಡದಲ್ಲಿ, ದನ ಅರ್ಧ ಮೇಯ್ದ ಗಿಡದಲ್ಲಿ. ಅದರ ಪಕ್ಕದಲ್ಲೇ ಅದೇ ಕುಲದ ಟೆನೆಲ್ಲಾ, ಗ್ಯಾಂಜೆಟಿಕಾ, ಕೆಲವು ಕಡೆ ಜಪೋನಿಕಾ ಬೆರೆತು ನಿಂತಿರುತ್ತವೆ.

ಮೊದಲು ಪೋವಾ ಎಂಬ ಇನ್ನೊಂದು ಹುಲ್ಲಿನ ಕುಲದ ಗೊಂದಲ ಮುಗಿಸಿಬಿಡೋಣ. ಫೋನಿನ ಆ್ಯಪ್‌ಗೆ ಗದ್ದೆ ಅಂಚಿನ ಫೋಟೋ ಕೊಟ್ಟರೆ ಹತ್ತರಲ್ಲಿ ಐದಾರು ಸಲ ಪೋವಾ ಆನ್ಯುವಾ ಎನ್ನುತ್ತದೆ. ಅದು ಮೂಲತಃ ಯುರೋಪಿನ ಕಡೆಯ ತಂಪು ಹುಲ್ಲುಗಾವಲಿನ ಏಕವಾರ್ಷಿಕ. ದಕ್ಷಿಣದಲ್ಲಿ ನೀಲಗಿರಿಯಂಥ ಎತ್ತರದ ಬೆಟ್ಟದ ಮೇಲೆ ಸಿಗುತ್ತದೆ. ಕಾರವಾರದ ಗದ್ದೆಯಲ್ಲಿ ಅದನ್ನು ಹುಡುಕಬೇಕಾಗಿಲ್ಲ. ಹಾಗೆಂದು ಆ್ಯಪ್ ಮಾಡುವ ತಪ್ಪು ಹೊಸದೂ ಅಲ್ಲ. ಟೆನೆಲ್ಲಾಗೆ ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಇಟ್ಟ ಹೆಸರು ಪೋವಾ ಟೆನೆಲ್ಲಾ. ರೆಟ್ಸಿಯಸ್ ನಮ್ಮದನ್ನು ಪೋವಾ ಯುನಿಯೊಲಾಯ್ಡಿಸ್ ಎಂದ, ರಾಕ್ಸ್‌ಬರೋ ಇನ್ನೊಂದನ್ನು ಪೋವಾ ಗ್ಯಾಂಜೆಟಿಕಾ ಎಂದ. ಮೂರೂ ಆಮೇಲೆ ಎರಾಗ್ರಾಸ್ಟಿಸ್‌ಗೆ ಬಂದವು. ತೆನೆಯ ಹೊರರೂಪ ಅಷ್ಟು ಹೋಲುತ್ತದೆ. ಬೇರ್ಪಡಿಸುವುದು ಮಾತ್ರ ಒಂದು ನಿಮಿಷದ ಕೆಲಸ. ಪೋವಾ ಆನ್ಯುವಾದಲ್ಲಿ ಎಲೆ ಬುಡದ ಲಿಗ್ಯೂಲ್ ಬಿಳಿ ಪೊರೆಯಾಗಿ ಬರಿಗಣ್ಣಿಗೇ ಕಾಣುತ್ತದೆ, ಎಲೆಯ ತುದಿ ದೋಣಿಯ ಮೂತಿಯಂತೆ ಮಡಚಿರುತ್ತದೆ, ಹೂವಿನ ಹೊರಸಿಪ್ಪೆಯಾದ ಲೆಮ್ಮಾದಲ್ಲಿ ಐದು ನರ. ಎರಾಗ್ರಾಸ್ಟಿಸ್ ಲೆಮ್ಮಾದಲ್ಲಿ ಮೂರೇ ನರ, ಎಲೆಯ ತುದಿ ಚೂಪು. ಯುನಿಯೊಲಾಯ್ಡಿಸ್‌ನ ಲಿಗ್ಯೂಲ್ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ, ಎಲೆ ಬುಡದ ಎರಡೂ ಬದಿಗೆ ಉದ್ದ ಕೂದಲಿರುತ್ತದೆ. ನರ ಎಣಿಸಲು ಲೆಮ್ಮಾವನ್ನು ನೆನೆಸಿ, ಬಿಳಿ ಪ್ಲಾಸ್ಟಿಕ್ ಮುಚ್ಚಳದ ಮೇಲಿಟ್ಟು ಕೆಳಗಿನಿಂದ ಫೋನಿನ ಟಾರ್ಚ್ ಹಿಡಿದರೆ ಸಾಕು.

ಕೀ, ಅಂದರೆ ಪ್ರಶ್ನೆ ಕೇಳುತ್ತ ಹೆಸರಿಗೆ ಕರೆದೊಯ್ಯುವ ಪಟ್ಟಿ, ಆರಿಸುವಾಗಲೂ ಇಲ್ಲಿ ಒಂದು ಎಡವಟ್ಟಾಗುತ್ತದೆ. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಿಂದ ಮುಂಬಯಿ ಪ್ರಾಂತದಲ್ಲಿತ್ತು, ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಕರಾವಳಿ ಒಂದೇ ಅಲ್ಲವೇ ಎಂದು ಮದ್ರಾಸ್ ಪ್ರಾಂತದ ಫ್ಲೋರಾ (ಸಸ್ಯಗಳ ಪುಸ್ತಕ) ಹಿಡಿದು ಕೂತವರು ಬಹಳ. ಉತ್ತರ ಕನ್ನಡದ ಹುಲ್ಲಿಗೆ ಮೊದಲು ತೆರೆಯಬೇಕಾದದ್ದು 1935ರ ಬ್ಲಾಟರ್ ಮತ್ತು ಮಕ್ಯಾನ್ ಅವರ ಮುಂಬಯಿ ಹುಲ್ಲುಗಳ ಪುಸ್ತಕ, ಆಮೇಲೆ ಬೋರ್ ಬರೆದ 1960ರ ಹುಲ್ಲಿನ ಪುಸ್ತಕ. ಬೋರ್ ಎದುರಿಗಿಟ್ಟುಕೊಂಡರೆ ಎರಾಗ್ರಾಸ್ಟಿಸ್ ಕೀಯಲ್ಲಿ ಸ್ಪೈಕ್‌ಲೆಟ್ ಒಡೆಯುವ ಬಗೆಯನ್ನು ಕೇಳುತ್ತದೆ. ನಾವೆಲ್ಲ ಆ ಪ್ರಶ್ನೆಗೆ ಊಹೆಯ ಮೇಲೆ ಉತ್ತರ ಕೊಟ್ಟು ಮುಂದೆ ಹೋಗುತ್ತೇವೆ. ತಪ್ಪು ಅಲ್ಲೇ. ನಾನು ಆ ಒಂದು ಪ್ರಶ್ನೆಯ ಮೇಲೇ ಕೂತೆ.

ಅದಕ್ಕೆ ಮೊದಲು ನಂಬಿ ಕೆಟ್ಟದ್ದನ್ನು ಹೇಳುತ್ತೇನೆ. ಬಣ್ಣ: ಬಿಸಿಲಿನಲ್ಲಿ ನಿಂತ ಯುನಿಯೊಲಾಯ್ಡಿಸ್ ನೇರಳೆ, ಅಡಿಕೆ ತೋಟದ ನೆರಳಿನಲ್ಲಿ ನಿಂತದ್ದು ಪೂರ್ತಿ ಹಸಿರು, ಗಿಡ ಒತ್ತಿಡುವ ಪ್ರೆಸ್ಸಿನಲ್ಲಿ ಎರಡು ತಿಂಗಳಿದ್ದರೆ ಎರಡೂ ಒಣಹುಲ್ಲಿನ ಬಣ್ಣ. ಎತ್ತರ: ಕಾರವಾರದ ಮರಳಿನಲ್ಲಿ ನಾಲ್ಕು ಬೆರಳೆತ್ತರಕ್ಕೇ ತೆನೆ ಬಿಟ್ಟ ಟೆನೆಲ್ಲಾ, ಗೊಬ್ಬರಗುಂಡಿಯ ಬದಿಯಲ್ಲಿ ಮೊಣಕಾಲಿನವರೆಗೆ ಬರುತ್ತದೆ. ಫ್ಲೋರೆಟ್ (ಸ್ಪೈಕ್‌ಲೆಟ್‌ನೊಳಗಿನ ಒಂದೊಂದು ಹೂವು) ಎಣಿಕೆ: ಯುನಿಯೊಲಾಯ್ಡಿಸ್‌ನಲ್ಲಿ ಸಾಧಾರಣ ಹತ್ತರಿಂದ ಇಪ್ಪತ್ತು, ಆದರೆ ಬಡಕಲು ಗಿಡದಲ್ಲಿ ಆರೇಳು ಸಿಕ್ಕು ಟೆನೆಲ್ಲಾದ ಲೆಕ್ಕಕ್ಕೆ ಬಂದು ಬೀಳುತ್ತದೆ. ಈ ಮೂರನ್ನು ನಂಬಿ ಮೊದಲ ವರ್ಷ ಒಣಗಿಡ ಅಂಟಿಸಿ ಹೆಸರು ಬರೆದುಕೊಟ್ಟ 40 ಹಾಳೆಗಳಲ್ಲಿ 14 ತಪ್ಪು ಎಂದು ವಾಪಸ್ ಬಂದವು. ಒಂದು ಹಾಳೆಗೆ 60 ರೂಪಾಯಿಯಂತೆ ಮಾತಾಗಿತ್ತು. ತಪ್ಪಿದ್ದಕ್ಕೆ ಕೊಡಲಿಲ್ಲ, ಸರಿಯಿದ್ದ ಕೆಲವಕ್ಕೂ ಕೊಡಲಿಲ್ಲ.

ಸಲಕರಣೆಗೆ ಹೋದ ದುಡ್ಡು ಬೇರೆ. 120 ರೂಪಾಯಿಯ ಲೆನ್ಸಿನಲ್ಲಿ ಅಂಚು ಮಸುಕು, ಮೊದಲ ಮಳೆಗಾಲಕ್ಕೇ ಒಳಗೆ ಬೂಸ್ಟು. ಆಮೇಲೆ 700ರ ಹತ್ತಿರ ಕೊಟ್ಟು ತಂದ ಹತ್ತು ಪಟ್ಟಿನ ಲೆನ್ಸ್ ಇಂದಿಗೂ ಇದೆ. ಯುಎಸ್‌ಬಿ ಮೈಕ್ರೋಸ್ಕೋಪಿಗೆ 1,900 ಹಾಕಿದ್ದು ದಂಡ. ಸ್ಪೈಕ್‌ಲೆಟ್‌ನ ಮೇಲ್ಭಾಗಕ್ಕೆ ಫೋಕಸ್ ಕೊಟ್ಟರೆ ಕೆಳಭಾಗ ಮಂಜು, ಪೇಲಿಯಾದ (ಹೂವಿನ ಒಳಸಿಪ್ಪೆಯ) ಕೂದಲು ಒಮ್ಮೆ ಕಂಡರೆ ಒಮ್ಮೆ ಇಲ್ಲ. ಹಳೇ ಡಿಸೆಕ್ಟಿಂಗ್ ಮೈಕ್ರೋಸ್ಕೋಪ್ ಸುಮಾರು 7,500ಕ್ಕೆ ಸಿಕ್ಕಿತು, ಒಳ್ಳೆಯದೇ. ಆದರೂ ಹೆಸರು ತೀರ್ಮಾನಿಸುವ ಕೆಲಸದಲ್ಲಿ ಮುಕ್ಕಾಲು ಪಾಲು ನಡೆಯುವುದು 15 ರೂಪಾಯಿಯ ಕಪ್ಪು ಚಾರ್ಟ್ ಪೇಪರ್ ಮೇಲೆ.

ತೆನೆ ಕೀಳುವ ಹೊತ್ತು ಸರಿಯಿಲ್ಲದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಚೌತಿಯ ಹೊತ್ತಿಗೆ ತೆನೆ ಚೆಂದ ಕಾಣುತ್ತದೆ, ಫೋಟೋಕ್ಕೆ ಸರಿ, ಉದುರಿಸಲು ಆಗದು. ಹಸ್ತ ಮಳೆ ಮುಗಿದು ಚಿತ್ತೆ ನಡೆಯುವಾಗ ಘಟ್ಟದ ಮೇಲೆ ಶುರುಮಾಡುತ್ತೇನೆ, ದೀಪಾವಳಿ ಕಳೆದು ಒಂದು ತಿಂಗಳವರೆಗೆ ಸಿಗುತ್ತದೆ. ಕೆಳಗೆ ಕುಮಟಾ, ಅಂಕೋಲಾ ಕಡೆ ಹತ್ತು ಹದಿನೈದು ದಿನ ಮೊದಲೇ. ಒಂದೇ ತೆನೆಯಲ್ಲಿ ಕೆಲವು ಸ್ಪೈಕ್‌ಲೆಟ್ ಒಂದೆರಡು ಫ್ಲೋರೆಟ್ ಕಳೆದುಕೊಂಡಿರಬೇಕು, ಕೆಲವು ಇನ್ನೂ ಬಿಗಿಯಾಗಿರಬೇಕು. ಪೂರ್ತಿ ಬಿಗಿ ಇದ್ದರೆ ಬೆರಳಿನಿಂದ ಒತ್ತಿದಾಗ ಎಲ್ಲೆಂದರಲ್ಲಿ ಮುರಿಯುತ್ತದೆ, ಆ ಮುರಿತಕ್ಕೆ ಅರ್ಥವಿಲ್ಲ. ಪೂರ್ತಿ ಉದುರಿದ್ದರೆ ಯಾವ ಕಡೆಯಿಂದ ಶುರುವಾಯಿತೆಂದು ಹೇಳಲಾಗದು.

ಒಂದು ಜಾಗದಿಂದ ಎಂಟು ಹತ್ತು ತೆನೆ, ಬೇರೆ ಬೇರೆ ಬುಡದವು. ಒಂದು ಲಕೋಟೆಗೆ ಒಂದೇ ತೆನೆ. ಮದುವೆ ಕರೆಯೋಲೆಯ ಲಕೋಟೆ ಇದಕ್ಕೆ ಬಹಳ ಅನುಕೂಲ, ಕಾಗದ ದಪ್ಪ, ಮೂಲೆಯಲ್ಲಿ ಬಿರುಕಿಲ್ಲ. ಪ್ಲಾಸ್ಟಿಕ್ ಕೊಟ್ಟೆಗೆ ಹಾಕಿದರೆ ಸಂಜೆಯೊಳಗೆ ಬೆವರುತ್ತದೆ, ಮೂರನೇ ದಿನ ಬೂಸ್ಟು. ತೆನೆಯ ಜೊತೆ ಒಂದು ಗಿಡವನ್ನಾದರೂ ಬೇರು ಸಮೇತ ಬೇರೆಯಾಗಿ ಕಿತ್ತು ಇಡಬೇಕು. ಏಕವಾರ್ಷಿಕ ಹೌದೋ ಅಲ್ಲವೋ ಎಂಬುದು ಬುಡ ನೋಡದೆ ತಿಳಿಯುವುದಿಲ್ಲ. ಎರಡು ಬೆರಳಿನಲ್ಲಿ ಎಳೆದರೆ ಬರುವ ತೆಳ್ಳನೆ ಬೇರು, ಬುಡದಲ್ಲಿ ಹೋದ ವರ್ಷದ ಎಲೆ ಕವಚದ ಚೂರಿಲ್ಲ ಎಂದರೆ ಏಕವಾರ್ಷಿಕ. ಗ್ಯಾಂಜೆಟಿಕಾವನ್ನೇ ಹೋಲುವ ಬಹುವಾರ್ಷಿಕ ಆಟ್ರೊವೈರೆನ್ಸ್ ಇಲ್ಲೇ ಸಿಕ್ಕಿಬೀಳುತ್ತದೆ, ಅದರ ಬುಡ ಗಟ್ಟಿ, ಕತ್ತಿ ಬೇಕಾಗುತ್ತದೆ.

ಒಣಗಿಸುವುದರಲ್ಲೇ ನಾನು ಎರಡು ಹಂಗಾಮು ಕಳೆದೆ. ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ದಾಟುವ ಮಳೆ, ನವೆಂಬರಿನಲ್ಲೂ ಗಾಳಿಯಲ್ಲಿ ತೇವ. ತೇವ ಎಳೆದುಕೊಂಡ ತೆನೆ ಬಡಿದರೂ ಉದುರುವುದಿಲ್ಲ. ರಾಕಿಲ್ಲಾ (ಫ್ಲೋರೆಟ್‌ಗಳನ್ನು ಹೊತ್ತ ನಡುದಂಟು) ಗಟ್ಟಿ ಎಂದು ಬರೆದುಕೊಳ್ಳುತ್ತೇವೆ, ಅದು ಬರೀ ಒದ್ದೆ. ಮೊದಲು ಬಚ್ಚಲ ಒಲೆಯ ಅಟ್ಟದಲ್ಲಿಟ್ಟೆ, ಹೊಗೆಗೆ ಎಲ್ಲ ಕಂದಾಗಿ ನರ ಕಾಣಲಿಲ್ಲ. ಅಡಿಕೆ ಡ್ರೈಯರಿನಲ್ಲಿ ಒಂದು ರಾತ್ರಿ ಇಟ್ಟದ್ದು ಇನ್ನೂ ಕೆಟ್ಟದಾಯಿತು. ಅತಿಯಾಗಿ ಒಣಗಿ, ಮುರಿಯಬಾರದ ರಾಕಿಲ್ಲಾ ಕೂಡ ಪುಡಿಪುಡಿ. ಆ ಸಲ ಯುನಿಯೊಲಾಯ್ಡಿಸ್ ಅಷ್ಟನ್ನೂ ಟೆನೆಲ್ಲಾ ಎಂದು ಬರೆದುಬಿಟ್ಟಿದ್ದೆ. ಕೊನೆಗೆ ನಿಂತದ್ದು 40 ವ್ಯಾಟಿನ ಬಲ್ಬ್ ಹಾಕಿದ ಹಳೇ ಮರದ ಪೆಟ್ಟಿಗೆ. ಒಳಗೆ 40 ಡಿಗ್ರಿ ಆಸುಪಾಸು, ಮೇಲೆ ಕೆಳಗೆ ನಾಲ್ಕು ನಾಲ್ಕು ತೂತು, ಲಕೋಟೆ ಬಲ್ಬಿನಿಂದ ಒಂದು ಗೇಣು ದೂರ. ಶಿರಸಿಯಲ್ಲಿ ಒಂದು ದಿನ, ಕಾರವಾರದಲ್ಲಿ ಎರಡು. ತೆನೆಯ ಕಾಂಡ ಬಗ್ಗಿಸಿದರೆ ಬಗ್ಗದೆ ಟಕ್ಕನೆ ಮುರಿಯಬೇಕು, ಆದರೆ ಕವಲಿನ ಎಳೆ ಇನ್ನೂ ಬಾಗುತ್ತಿರಬೇಕು. ಹೊರಗೆ ತೆಗೆದು ಉದುರಿಸುವವರೆಗೆ ಎಷ್ಟು ಹೊತ್ತು ಬಿಡುತ್ತೇನೆ, ಎಲ್ಲಿ ಬಿಡುತ್ತೇನೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಜೊತೆಗೆ ಕೂತವರಿಗೆ ತೋರಿಸಿದ್ದೇನೆ, ಅದು ಕೈಯಿಂದಲೇ ಬರಬೇಕು.

ಉದುರಿಸುವಾಗ ಫ್ಯಾನ್ ಬಂದ್, ಬಾಗಿಲು ಬಂದ್. ಕಪ್ಪು ಹಾಳೆಯ ಮೇಲೆ ತೆನೆಯನ್ನು ತಲೆಕೆಳಗಾಗಿ ಹಿಡಿದು, ಕಾಂಡದ ಮೇಲೆ ಪೆನ್ಸಿಲಿನಿಂದ ಐದು ಏಟು. ತೆನೆಗೆ ಹೊಡೆಯಬಾರದು. ಬಿದ್ದದ್ದನ್ನೂ ಉಳಿದದ್ದನ್ನೂ ಬೇರೆ ಬೇರೆ ನೋಡಿ, ಇನ್ನೈದು ಏಟು, ಮತ್ತೆ ನೋಡಬೇಕು. ಒಟ್ಟು ಹದಿನೈದು ಏಟಿನ ಮೇಲೆ ಬಿದ್ದದ್ದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಯುನಿಯೊಲಾಯ್ಡಿಸ್ ಆದರೆ ಸ್ಪೈಕ್‌ಲೆಟ್ ಕೆಳಗಿನಿಂದ ಮೇಲಕ್ಕೆ ಖಾಲಿಯಾಗುತ್ತ ಹೋಗುತ್ತದೆ. ಲೆಮ್ಮಾ ಮತ್ತು ಪೇಲಿಯಾ ಜೋಡಿಯಾಗಿಯೇ ಬೀಳುತ್ತವೆ, ಹೆಚ್ಚಿನ ಜೋಡಿಗಳ ನಡುವೆ ಕಾಳು ಸಿಕ್ಕಿಕೊಂಡಿರುತ್ತದೆ. ಗಿಡದ ಮೇಲೆ ಉಳಿಯುವುದು ಬೋಳು ರಾಕಿಲ್ಲಾ, ಅಂಕುಡೊಂಕು ದಾರದಂತೆ, ತುದಿಯಲ್ಲಿ ಇನ್ನೂ ಮಾಗದ ನಾಲ್ಕಾರು ಫ್ಲೋರೆಟ್ ಟೋಪಿಯಂತೆ ನಿಂತಿರುತ್ತವೆ. ಆ ಬೋಳು ದಾರ, ಮೇಲೆ ಟೋಪಿ ಕಂಡರೆ ನನಗೆ ಬೇರೆ ಸಾಕ್ಷಿ ಬೇಡ. ಬಿದ್ದ ಲೆಮ್ಮಾ ಸುಮಾರು ಎರಡು ಮಿಲಿಮೀಟರ್, ಅಗಲ, ಬದಿಯ ನರ ಎರಡೂ ಎದ್ದು ಕಾಣುತ್ತವೆ.

ಗ್ಯಾಂಜೆಟಿಕಾ ಕೂಡ ಕೆಳಗಿನಿಂದಲೇ ಉದುರುತ್ತದೆ. ಹಾಳೆಯ ಮೇಲೆ ಬೀಳುವುದು ಲೆಮ್ಮಾ ಮತ್ತು ಕಾಳು, ಪೇಲಿಯಾಗಳು ರಾಕಿಲ್ಲಾದ ಮೇಲೆಯೇ ಏಣಿಯ ಮೆಟ್ಟಿಲಿನಂತೆ ಉಳಿಯುತ್ತವೆ. ಅಂದರೆ ದಾರ ಬೋಳೋ ಏಣಿಯೋ ಎಂಬುದೊಂದೇ ಪ್ರಶ್ನೆ. ಇಲ್ಲಿ ಒಂದು ಎಚ್ಚರ. ಯುನಿಯೊಲಾಯ್ಡಿಸ್ ಅರೆಮಾಗಿದ್ದರೆ ಒಂದೆರಡು ಪೇಲಿಯಾ ಹಿಂದೆ ಉಳಿಯುವುದುಂಟು. ಹತ್ತು ಗೆಣ್ಣಿನಲ್ಲಿ ಒಂದೆರಡಿದ್ದರೆ ಬಿಡಿ, ಏಳೆಂಟಿದ್ದರೆ ಏಣಿ ಎನ್ನಿ.

ಟೆನೆಲ್ಲಾ ಉಲ್ಟಾ. ತುದಿಯಿಂದ ಶುರುವಾಗಿ ಕೆಳಕ್ಕೆ, ರಾಕಿಲ್ಲಾವೇ ಗೆಣ್ಣು ಗೆಣ್ಣಾಗಿ ಮುರಿದು ಫ್ಲೋರೆಟ್ ಜೊತೆ ಬೀಳುತ್ತದೆ. ಕೊನೆಗೆ ಸ್ಪೈಕ್‌ಲೆಟ್ ಬುಡದ ಸಿಪ್ಪೆಗಳಾದ ಗ್ಲೂಮ್ ಎರಡು, ಅದರ ಮೇಲೆ ಒಂದೋ ಎರಡೋ ಫ್ಲೋರೆಟ್ ಉಳಿಯುತ್ತವೆ. ಸ್ಪೈಕ್‌ಲೆಟ್ ಮೊದಲೇ ಚಿಕ್ಕದು, ಎರಡು ಮಿಲಿಮೀಟರ್ ಆಸುಪಾಸು. ಪೇಲಿಯಾದ ಎರಡು ಎದ್ದ ಗೆರೆಗಳ ಮೇಲೆ ಬಾಚಣಿಕೆಯ ಹಲ್ಲಿನಂತೆ ಉದ್ದ ಕೂದಲಿರುತ್ತದೆ, ಕಪ್ಪು ಹಾಳೆಯ ಮೇಲೆ ಬೆಳಕು ಅಡ್ಡ ಹಾಯಿಸಿದರೆ ಹತ್ತು ಪಟ್ಟಿನ ಲೆನ್ಸಿಗೇ ಕಾಣುತ್ತದೆ. ತುದಿಯಿಂದ ಮುರಿಯುತ್ತದೆ ಆದರೆ ಬಾಚಣಿಕೆ ಇಲ್ಲ, ತೆನೆ ಉದ್ದ, ಕವಲುಗಳು ಸುತ್ತು ಸುತ್ತಾಗಿ ಹುಟ್ಟಿವೆ ಎಂದರೆ ಜಪೋನಿಕಾ. ಬಾಚಣಿಕೆ ಇದೆ ಆದರೆ ತೆನೆ ಹರಡದೆ ಬೆಕ್ಕಿನ ಬಾಲದಂತೆ ಒತ್ತಾಗಿದೆ ಎಂದರೆ ಸಿಲಿಯಾರಿಸ್, ಅದನ್ನು ಮರಳಿನ ಕಡೆ ಹುಡುಕಿ.

ಹನ್ನೆರಡನೆಯ ಲಕೋಟೆಯಲ್ಲಿ ಆದದ್ದು ಇಷ್ಟೇ. ಬಿದ್ದದ್ದರಲ್ಲಿ ಜೋಡಿಯೂ ಇತ್ತು, ಬಾಚಣಿಕೆ ಪೇಲಿಯಾವೂ ಇತ್ತು. ಎರಡು ಹುಲ್ಲು ಒಂದೇ ಲಕೋಟೆಗೆ ಸೇರಿದ್ದವು. ಬುಡ ಬೇರೆ, ತೆನೆ ಒಂದರೊಳಗೊಂದು ಸಿಕ್ಕಿಕೊಂಡದ್ದನ್ನು ಕಿತ್ತವರು ಗಮನಿಸಿರಲಿಲ್ಲ. ನಾನು ಜಾಸ್ತಿ ಬಿದ್ದದ್ದನ್ನು ನೋಡಿ ಟೆನೆಲ್ಲಾ ಎಂದೆ, ಅವರ ಲೆಕ್ಕದಲ್ಲಿ ಅದು ಯುನಿಯೊಲಾಯ್ಡಿಸ್. ಮಿಶ್ರ ಎಂದು ಬರೆದು ಬಿಡಬೇಕಿತ್ತು. ಈಗ ಎರಡು ಬಗೆ ಬಿದ್ದರೆ ಹೆಸರು ಬರೆಯುವುದೇ ಇಲ್ಲ, ಮತ್ತೆ ಅದೇ ಜಾಗಕ್ಕೆ ಹೋಗುತ್ತೇನೆ.

ಕೇಸರ ಎಣಿಸಬೇಕೆನ್ನುವವರಿಗೆ: ಯುನಿಯೊಲಾಯ್ಡಿಸ್‌ನಲ್ಲಿ ನಾನು ಬಿಡಿಸಿ ನೋಡಿದ ಮೂವತ್ತು ನಲವತ್ತು ಫ್ಲೋರೆಟ್‌ಗಳಲ್ಲಿ ಎರಡೇ ಇದ್ದವು, ಅರ್ಧ ಮಿಲಿಮೀಟರಿನವು, ನೇರಳೆ. ಚೆಂದದ ಗುರುತು, ಆದರೆ ಹೂವು ಇರುವಾಗ ಬೆಳಿಗ್ಗೆಯೇ ನೋಡಬೇಕು, ಮಳೆ ಬಂದರೆ ಮುಗಿಯಿತು. ನಾನು ಇದನ್ನು ಪಕ್ಕಾ ಮಾಡಿಕೊಳ್ಳಲು ಮಾತ್ರ ಬಳಸುತ್ತೇನೆ.

ಹಾಳೆ ಮಾಡುವಾಗ ಉದುರಿದ ಚೂರುಗಳನ್ನು ಎಸೆಯುವುದು ನಮ್ಮಲ್ಲಿ ಬಹಳ ಜನರ ಅಭ್ಯಾಸ. 42 ಗುಣಿಸು 28 ಸೆಂಟಿಮೀಟರಿನ ಹಾಳೆಯ ಬಲಮೂಲೆಯಲ್ಲಿ ಒಂದು ಪುಟ್ಟ ಕಾಗದದ ಪೊಟ್ಟಣ ಅಂಟಿಸಿ, ಉದುರಿದ್ದನ್ನು ಅದರಲ್ಲೇ ಹಾಕಿ. ಮೇಲೆ ಎಷ್ಟು ಏಟಿಗೆ ಬಿದ್ದದ್ದು, ಯಾವ ದಿನ ಎಂದು ಬರೆಯಿರಿ. ಅಂಟಿನ ಜೊತೆ ಮಡಚಿ ಒತ್ತಿದ ತೆನೆಯಿಂದ ಆಮೇಲೆ ಯಾರಿಗೂ ಏನೂ ತಿಳಿಯದು. ಇನ್ನೊಂದು ಕಾಟ ಇರುವೆ. ಒಂದು ರಾತ್ರಿ ಕಪ್ಪು ಹಾಳೆಯನ್ನು ಮೇಜಿನ ಮೇಲೆ ಬಿಟ್ಟರೆ ಕಾಳು ಅಷ್ಟೂ ಮಾಯ, ಜೋಡಿಗಳೆಲ್ಲ ಬಿಡಿ ಬಿಡಿ, ಯುನಿಯೊಲಾಯ್ಡಿಸ್ ಹೋಗಿ ಗ್ಯಾಂಜೆಟಿಕಾ ಆಗಿರುತ್ತದೆ. ನಮ್ಮ ಕಡೆ ಮೇಜಿನ ಕಾಲಿಗೆ ನೀರಿನ ಬಟ್ಟಲು ಇಡಲೇಬೇಕು.

ಇದರ ಬೆನ್ನಿಗೇ ಕುಂಡದಲ್ಲಿ ಬಿತ್ತಿಯೂ ನೋಡಿದೆ. ಜರಡಿ ಹಿಡಿದ ಕೆಂಪು ಮಣ್ಣು, ಮರಳು ಸಮ ಸಮ. ಕಾಳು ಒಂದು ಮಿಲಿಮೀಟರ್ ಕೂಡ ಇಲ್ಲ, ಮೇಲೆ ಮಣ್ಣು ಮುಚ್ಚಿದ ಕುಂಡದಲ್ಲಿ ಐವತ್ತಕ್ಕೆ ಮೂರೋ ನಾಲ್ಕೋ ಬಂದವು. ಮುಚ್ಚದೆ ಹಾಗೇ ಚೆಲ್ಲಿ, ತಟ್ಟೆಯಿಂದ ಅಡಿಗೆ ನೀರು ಕೊಟ್ಟದ್ದರಲ್ಲಿ ಇಪ್ಪತ್ತೈದರ ಮೇಲೆ ಬಂದವು. ಬಿಸಿಲು, ನೆರಳು, ಗೊಬ್ಬರ, ಗೊಬ್ಬರವಿಲ್ಲದ್ದು ಎಂದು ನಾಲ್ಕು ಕುಂಡ ಮಾಡಿ, ಒಂದೇ ತಾಯಿಯ ಕಾಳು ಹಾಕಿದೆ. ಎತ್ತರ ನಾಲ್ಕು ಥರ, ಬಣ್ಣ ಎರಡು ಥರ, ಉದುರುವ ಬಗೆ ಒಂದೇ. ನನಗೆ ಧೈರ್ಯ ಬಂದದ್ದು ಇದರಿಂದಲೇ. ಇನ್ನೊಂದು ಕುಂಡಕ್ಕೆ ಬೇಸಿಗೆಯಲ್ಲೂ ನೀರು ಹಾಕುತ್ತ ಬಂದೆ, ಯುನಿಯೊಲಾಯ್ಡಿಸ್ ಸಾಯದೆ ಬುಡದಿಂದ ಹೊಸ ಕುಡಿ ಬಿಟ್ಟಿತು. ಸ್ಪ್ರಿಂಕ್ಲರ್ ಓಡುವ ಅಡಿಕೆ ತೋಟದಲ್ಲಿ ಮಾರ್ಚಿನಲ್ಲಿ ಹಳೇ ಬುಡ ಸಿಕ್ಕಿದರೆ ಬಹುವಾರ್ಷಿಕ ಎಂದು ತಕ್ಷಣ ಬರೆಯಬೇಡಿ.

ಈ ಬೇಸಿಗೆಯಲ್ಲಿ ಕರಡದ, ಅಂದರೆ ದನಕ್ಕೆ ಹಾಕುವ ಒಣಹುಲ್ಲಿನ, ಮೇಲೆ ಕೈ ಹಾಕಿದ್ದೇನೆ. ಬೇಣದಿಂದ ಕೊಯ್ದು ಕಟ್ಟಿಟ್ಟ ಕರಡದ ಹೊರೆ ಬಿಚ್ಚಿದಾಗ ಕೆಳಗೆ ಉದುರುವ ಧೂಳನ್ನು ಮೊದಲು ಚಹಾ ಸೋಸುವ ಜಾಲರಿಯಲ್ಲಿ, ಆಮೇಲೆ ತೆಳು ಬಟ್ಟೆಯಲ್ಲಿ ಹಿಡಿದು, ಬಟ್ಟೆಯಲ್ಲಿ ನಿಂತದ್ದನ್ನು ಕಪ್ಪು ಹಾಳೆಗೆ ಸುರಿಯುತ್ತೇನೆ. ಏಳು ಹೊರೆ ನೋಡಿದ್ದೇನೆ. ನಾಲ್ಕರಲ್ಲಿ ಜೋಡಿ ಲೆಮ್ಮಾ ಸಿಕ್ಕಿತು, ಒಂದರಲ್ಲಿ ಬಾಚಣಿಕೆ. ಗ್ಯಾಂಜೆಟಿಕಾ ಮಾತ್ರ ಈ ದಾರಿಯಲ್ಲಿ ಹೇಳಲು ಬರುತ್ತಿಲ್ಲ, ಏಣಿ ಹುಲ್ಲಿನ ಮೇಲೆಯೇ ಉಳಿದು ದನದ ಬಾಯಿಗೆ ಹೋಗಿರುತ್ತದೆ. ಧೂಳಿನ ಬದಲು ಹೊರೆಯ ನಡುವಿನ ತೆನೆಗಳನ್ನೇ ಹೆಕ್ಕಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ತುಸು ಮೆತ್ತಗಾದ ಮೇಲೆ ಬಿಡಿಸುವುದನ್ನು ಈಗ ಶುರುಮಾಡಿದ್ದೇನೆ. ಎರಡು ಹೊರೆಗಳಲ್ಲಿ ಏಣಿ ಕಂಡಿದೆ, ಇನ್ನೂ ಐದು ಬಾಕಿ.